ಕೆಜಿಎಫ್: ಪೇಟೆ ಉಳೀತು, ಲೈನು ಯಾರದ್ದು?

ಪೇಟೆ_ಪಾದಚಾರಿ
ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಸುತ್ತ ಅಂಗಡಿ ಬಾಡಿಗೆ ಏರ್ತಾನೇ ಐತೆ, ಹೊಸ ಬೋರ್ಡು, ಹೊಸ ಲೈಟು. ಅಲ್ಲಿಂದ ಆಟೋ ಹತ್ತಿ ಸ್ವಲ್ಪ ದೂರ ಹೋದ್ರೆ ಚಾಂಪಿಯನ್ ರೀಫ್, ಉರಿಗಾಂ, ಮಾರಿಕುಪ್ಪಂ ಲೈನ್ ಮನೆಗಳು, ಅಂದ್ರೆ ಗಣಿ ಕಾರ್ಮಿಕರಿಗೆ ಕಂಪನಿ ಕಟ್ಟಿಸಿದ ಸಾಲು ಮನೆಗಳು. ತೆರೆದ ಮೋರಿ, ಹಂಚಿಕೊಂಡ ಕಕ್ಕಸು, ತಗಡಿನ ಮಾಡು. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಎರಡು ದಶಕ ದಾಟ್ತು. ಕೇಳಿದ್ರೆ ಒಬ್ರು "ದುಡ್ಡಿಲ್ಲ" ಅಂತಾರೆ, ಇನ್ನೊಬ್ರು "ಜಮೀನು ಕಂಪನೀದು" ಅಂತಾರೆ.

ನಿಜವಾಗ್ಲೂ ತಡೆಯೋದು ಯಾವುದು? ಈಗಿರೋ ಕಾನೂನಲ್ಲೇ ಏನು ಮಾಡಿಸ್ಕೋಬೋದು? ದಯವಿಟ್ಟು ಲಿಟಲ್ ಇಂಗ್ಲೆಂಡ್ ಕತೆ ಬೇಡ, ಕ್ಲಬ್ಬು, ಗಾಲ್ಫು, ಬ್ರಿಟಿಷರ ಬಂಗಲೆ ಇವೆಲ್ಲ ಬೇರೆ ಕಡೆ ಬೇಕಾದಷ್ಟು ಐತೆ.

ಖಾತೆಪುಸ್ತಕ
ಎರಡೂ ಹೌದು, ಆದ್ರೆ ಮೊದಲು ಬರೋದು ಜಮೀನು. ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅನ್ನೋ ಕೇಂದ್ರದ ಕಂಪನಿ ಆಯ್ತು. ಲೈನ್ ಮನೆಗಳು, ಮೈದಾನ, ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆ), ಆಸ್ಪತ್ರೆ ಎಲ್ಲ ಸೇರಿ ಸುಮಾರು 12 ಸಾವಿರ ಎಕರೆ ಆ ಕಂಪನಿ ಲೆಕ್ಕದಲ್ಲಿ. ಲೈನಿನ ಜನ ವೋಟು ಹಾಕೋದು ನಗರಸಭೆಗೆ, ಕಾಲಡಿ ಇರೋ ಮಣ್ಣು ಕೇಂದ್ರ ಗಣಿ ಸಚಿವಾಲಯದ ಕಂಪನಿಗೆ. ಎಲ್ಲಾ ಗಂಟು ಬೀಳೋದು ಇಲ್ಲೇ.

ಗಂಟು ಬಿದ್ದಾಗ ಏನೇನಾಗುತ್ತೆ ನೋಡಿ. ಪಕ್ಕಾ ಕಾಮಗಾರಿಗೆ ಅಂದಾಜು ಪಟ್ಟಿ ಮಾಡುವಾಗ ಜಮೀನು ಯಾರ ಸ್ವಾಧೀನ ಅಂತ ಬರೀಬೇಕು. ನಗರಸಭೆದಲ್ಲ ಅಂದ್ರೆ ಮಾಲೀಕರ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ದೆ ದುಡ್ಡು ಹಾಕಿದ್ರೆ ಆಡಿಟ್ಟಲ್ಲಿ ಆಕ್ಷೇಪಣೆ ಬೀಳುತ್ತೆ, ಅಧಿಕಾರಿ ಕೈಯಿಂದ ವಸೂಲಿ ಅಂತ ಬರೀತಾರೆ. ಹಂಗಾಗಿ ಯಾವ ಎಂಜಿನಿಯರೂ ಮುಂದೆ ಬರಲ್ಲ. ಬೀದಿ ದೀಪ, ಟ್ಯಾಂಕರ್ ನೀರು, ಕಸ ಎತ್ತೋದು ನಡಿಯುತ್ತೆ, ಯಾಕಂದ್ರೆ ಅವು ನೆಲಕ್ಕೆ ಅಂಟ್ಕೊಳ್ಳಲ್ಲ. ಮೋರಿ, ಒಳಚರಂಡಿ, ಕಾಂಕ್ರೀಟ್ ರಸ್ತೆ ಅಂಟ್ಕೊಳ್ತವೆ.

ಮನೆ ವಿಷಯನೂ ಅಷ್ಟೆ. ವಸತಿ ಯೋಜನೆಯಲ್ಲಿ ತಮ್ಮ ಮನೆ ತಾವೇ ಕಟ್ಕೊಳ್ಳೋರಿಗೆ ಕೇಂದ್ರದ ಪಾಲು 1.5 ಲಕ್ಷ ಸಿಗಬೇಕಂದ್ರೆ ಹಕ್ಕುಪತ್ರ ಬೇಕು. 94-ಸಿಸಿ (ಸರ್ಕಾರಿ ಜಮೀನಲ್ಲಿ ಕಟ್ಟಿದ ಮನೆ ಸಕ್ರಮ ಮಾಡೋ) ಅರ್ಜಿ ಕೊಡಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅದು ಕಂದಾಯ ಇಲಾಖೆಯ ಸರ್ಕಾರಿ ಜಮೀನಿಗೆ ಮಾತ್ರ. ಬಿ-ಖಾತೆನೂ ಸರ್ಕಾರಿ ಜಮೀನಿಗೆ ಕೊಡೋ ಹಂಗಿಲ್ಲ. ಇನ್ನೊಂದು ಕಡೆ, 1971ರ ಸಾರ್ವಜನಿಕ ಆವರಣಗಳ ಕಾಯ್ದೆ ಕೇಂದ್ರದ ಕಂಪನಿ ಕ್ವಾರ್ಟರ್ಸಿಗೆ ಅನ್ವಯ ಆಗುತ್ತೆ. ಅಂದ್ರೆ ಕಾಗದದ ಪ್ರಕಾರ ಖಾಲಿ ಮಾಡ್ಸೋ ಅಧಿಕಾರ ಕಂಪನಿಗೆ ಐತೆ, ಮೋರಿ ಕಟ್ಸೋ ಹೊಣೆ ಯಾರೂ ಹೊರಲ್ಲ.

ಅಡ್ಡಮಾತು
ಇದೆಲ್ಲ ನೆಪ ಸ್ವಾಮಿ. ಆಸ್ತಿ ತೆರಿಗೆ ಕಟ್ಟೋದು ಪೇಟೆ ಅಂಗಡಿಯೋರು. ಕಟ್ಟಿದೋರ ಬೀದಿಗೆ ಮೊದಲು ಕೆಲಸ ಆಗುತ್ತೆ. ಕಟ್ಟದೇ ಇರೋರು ಸುಮ್ಮನೆ ಕಾಯಬೇಕು. ಯಾವ ಊರಲ್ಲಾದ್ರೂ ಹಿಂಗೇ.

ಹುಣಸೇಮರ
@ಅಡ್ಡಮಾತು ತೆರಿಗೆ ಕಟ್ಟಕ್ಕೆ ಖಾತೆ ಬೇಕು, ಖಾತೆಗೆ ಜಮೀನು ಬೇಕು. ಕಟ್ಟಲ್ಲ ಅಂತ ಬೈಯೋಕೆ ಮುಂಚೆ ಕಟ್ಟಿಸ್ಕೊಳ್ಳೋ ದಾರಿ ಇದ್ಯಾ ನೋಡಿ.

ಇನ್ನೊಂದು, ಪೇಟೆ ಅಂಗಡಿಯೋರು ಬದುಕಿರೋದು ಯಾರಿಂದ? ರಾಬರ್ಟ್‌ಸನ್‌ಪೇಟೆ ಹುಟ್ಟಿದ್ದೇ ಗಣಿ ಕೂಲಿ ಖರ್ಚಾಗೋಕೆ. ಕಂಪನಿ ಮನೆ ಕೊಡ್ತು, ನೀರು ಕೊಡ್ತು, ಆಸ್ಪತ್ರೆ ಕೊಡ್ತು. ಬಟ್ಟೆ, ಬೇಳೆ, ಬೆಳ್ಳಿ, ಗಿರವಿ ಇವಿಷ್ಟಕ್ಕೆ ಪೇಟೆ. ಗಣಿ ಮುಚ್ಚಿದ ಮೇಲೂ ಪೇಟೆ ಯಾಕೆ ಸಾಯಲಿಲ್ಲ ಅಂದ್ರೆ ಲೈನಿನ ಜನ ಬೆಂಗಳೂರಲ್ಲಿ ದುಡಿದು ಇಲ್ಲಿ ಖರ್ಚು ಮಾಡ್ತವ್ರೆ. ಗಿರವಿ ಅಂಗಡಿಗಳನ್ನ ಎಣಿಸಿ ನೋಡಿ ಸಾಕು.

ಸ್ವರ್ಣ_ಪ್ಯಾಸೆಂಜರ್
ರೈಲಿನ ನಕ್ಷೆ ನೋಡಿದ್ರೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 16 ಕಿ.ಮೀ. ಕವಲು, 1894ರಲ್ಲಿ ಗಣಿಗೋಸ್ಕರನೇ ಹಾಕಿದ್ದು. ಬೆಮೆಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ರಾಬರ್ಟ್‌ಸನ್‌ಪೇಟೆ ಅಂತ ಸ್ಟೇಷನ್ನೇ ಇಲ್ಲ! ರೈಲು ಲೈನಿಗೆ, ಬಸ್ಸು ಪೇಟೆಗೆ.

ಹಂಗಾಗಿ ಬೆಳಿಗ್ಗೆ ಬೆಂಗಳೂರು ಕಡೆ ತುಂಬಿ ಹೋಗೋದು ಲೈನಿನ ಜನ. ಮಾರಿಕುಪ್ಪಂನಿಂದ ಸಿಟಿ ಸ್ಟೇಷನ್ನಿಗೆ ಸುಮಾರು 85 ಕಿ.ಮೀ., ಎರಡೂವರೆ ಗಂಟೆ ಆಸುಪಾಸು. ಹೋಗಿ ಬರೋಕೆ ಐದು ಗಂಟೆ, ಕೆಲಸ ಎಂಟು ಗಂಟೆ. ಬಂಗಾರಪೇಟೆಯಿಂದ ಈಚೆಗೆ ಒಂಟಿ ಹಳಿ, ಎದುರು ಗಾಡಿ ಬಿಡೋಕೆ ಒಂದು ಗಾಡಿ ಕಾಯಬೇಕು. ಒಂದು ರೈಲು ತಡ ಆದ್ರೆ ಅದರ ಹಿಂದಿನದ್ದೂ ತಡ. ಇನ್ನು ಮಾರಿಕುಪ್ಪಂ ಕೊನೇ ಸ್ಟೇಷನ್, ಬಂದ ಗಾಡಿ ಅಲ್ಲೇ ತಿರುಗಬೇಕು. ಆಂಧ್ರದ ಕುಪ್ಪಂಗೆ ಜೋಡಿಸೋ ಸುಮಾರು 24 ಕಿ.ಮೀ. ಹೊಸ ಮಾರ್ಗ ಮುಗಿದ್ರೆ ಮಾರಿಕುಪ್ಪಂ ಮೂಲೆ ಊರಾಗಿ ಉಳಿಯಲ್ಲ. ಅವಾಗ ಪೇಟೆಯೋರೇ ಲೈನಿನ ಕಡೆ ಜಾಗ ಹುಡುಕ್ತಾರೆ, ಬರೆದಿಟ್ಕೊಳ್ಳಿ.

ಐದುದೀಪ
ಅವಾಗ ಲೈನಿನ ಜನ ಎಲ್ಲಿರ್ತಾರೆ ಅನ್ನೋದೂ ಬರೆದಿಟ್ಕೊಳ್ಳಿ 🙂

ಕೋಲಾರದ_ಕಡೇರು
ಕೋಲಾರ ಟೌನಿಂದ ಒಂದು ಮಾತು. ಕೆಜಿಎಫ್ ಪೇಟೆ ಲೈನನ್ನ ಮರೀತು ಅಂತೀರ, ಇಡೀ ಕೆಜಿಎಫನ್ನೇ ಜಿಲ್ಲೆ ಮರೆತಿದೆಯಲ್ಲ. ಹೊಸ ಕಾರ್ಖಾನೆ ಎಲ್ಲ ನರಸಾಪುರ, ವೇಮಗಲ್, ಮಾಲೂರು ಕಡೆ. ಯರಗೋಳ್ ಅಣೆಕಟ್ಟು 2023ರಲ್ಲಿ ಉದ್ಘಾಟನೆ ಆಯ್ತು. ನೀರು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ, ದಾರಿ ಮೇಲಿನ ಹಳ್ಳಿಗಳಿಗೆ. ಕೆಜಿಎಫ್ ಪಟ್ಟಿಯಲ್ಲೇ ಇಲ್ಲ.

ಪಾಲಾರ್_ನೀರು
ಯರಗೋಳ್ ಯಾಕೆ ಸ್ವಾಮಿ, ಕೆಜಿಎಫ್‌ಗೆ ಬೇತಮಂಗಲ ಕೆರೆ ಇತ್ತು. ಪಾಲಾರ್ ನೀರನ್ನ ಶುದ್ಧ ಮಾಡಿ ಪಂಪ್ ಹೊಡೆದು ಗಣಿಗೂ ಲೈನಿಗೂ ಕೊಡ್ತಿದ್ರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದಮೇಲೆ ಪಂಪು, ಗಾಳಿ, ಲಿಫ್ಟು ಎಲ್ಲ ಕರೆಂಟಿಗೆ ತಿರುಗಿದ್ವು. ಕೆರೆ ಒಣಗಿದ ವರ್ಷ ಬೋರ್‌ವೆಲ್ಲು. ಈ ಜಿಲ್ಲೆಲಿ ಬೋರ್ ಅಂದ್ರೆ 1,200, 1,500 ಅಡಿ, ಫ್ಲೋರೈಡ್ ಬೇರೆ. ಲೀಟರಿಗೆ 1 ಮಿ.ಗ್ರಾಂ. ಒಳಗಿದ್ರೆ ಒಳ್ಳೇದು, ಬೇರೆ ಮೂಲನೇ ಇಲ್ಲ ಅಂದ್ರೆ 1.5ರವರೆಗೆ, ಅದಕ್ಕೂ ಮೇಲೆ ಕುಡಿಯೋಕೆ ಬೇಡ. ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ಆವಿಯಾಗಿ ಇನ್ನೂ ಗಟ್ಟಿ ಆಗುತ್ತೆ, ಇದನ್ನ ಎಷ್ಟು ಸಲ ಹೇಳಿದ್ರೂ ಯಾರೂ ಕೇಳಲ್ಲ.

ಲೈನಿಗೆ ನೀರು ಕಡಿಮೆ ಬರೋದಕ್ಕೆ ಒಂದು ತಾಂತ್ರಿಕ ಕಾರಣನೂ ಐತೆ. ಪೈಪಿನ ಕೊನೇಲಿ ಇರೋರು ಅವ್ರು. ವಾಲ್ವ್ ತೆಗೆದ ಕೂಡ್ಲೆ ಮೊದಲು ಪೇಟೆ ಸಂಪುಗಳು ತುಂಬ್ತವೆ. ಸಂಪು ನೆಲದ ಕೆಳಗಿರೋದ್ರಿಂದ ಪ್ರೆಶರ್ ಇಲ್ದಿದ್ರೂ ಎಳ್ಕೊಳ್ಳುತ್ತೆ. ಅದಕ್ಕೆ ಮೋಟರ್ ಬೇರೆ ಕೂರಿಸಿದ್ರೆ ಕೊನೆಯವರಿಗೆ ಗಾಳಿ ಬರುತ್ತೆ, ನೀರು ಬರಲ್ಲ. ಒಂದಂತಸ್ತಿನ ಮನೆಗೆ ಕನಿಷ್ಠ 7 ಮೀಟರ್ ಒತ್ತಡ ಇರಬೇಕು ಅಂತ 1999ರ ಕೇಂದ್ರದ ಕೈಪಿಡೀಲೇ ಇತ್ತು. ಬೀದಿ ನಲ್ಲೀಲಿ ಅಷ್ಟು ಸಿಗೋದು ಕನಸು.

ದೂರು ಕೊಡೋ ಮೊದಲು ಅಳತೆ ಮಾಡಿ. 20 ಲೀಟರ್ ಕ್ಯಾನ್ ಎಷ್ಟು ಸೆಕೆಂಡಿಗೆ ತುಂಬುತ್ತೆ, ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಲ್ತು. 15 ದಿನ ನೋಟ್‌ಬುಕ್ಕಲ್ಲಿ ಬರೀರಿ. 40 ಮನೆ ಲೈನು, ಮನೆಗೆ ಐದು ಜನ ಅಂದ್ರೆ 200 ಜನ. ತಲೆಗೆ 135 ಲೀಟರ್ ಲೆಕ್ಕ ಹಾಕಿದ್ರೆ ದಿನಕ್ಕೆ 27,000 ಲೀಟರ್. ಕನಿಷ್ಠ 55 ಅಂತ ಇಟ್ಕೊಂಡ್ರೂ 11,000. ನಿಮ್ಮ ನಲ್ಲಿ ನಿಮಿಷಕ್ಕೆ 20 ಲೀಟರ್ ಕೊಟ್ರೆ ಗಂಟೆಗೆ 1,200, ಅಂದ್ರೆ 11,000ಕ್ಕೆ ಒಂಬತ್ತು ಗಂಟೆಗೂ ಮೇಲೆ ನೀರು ಬಿಡಬೇಕು. ಎರಡು ದಿನಕ್ಕೊಮ್ಮೆ ಒಂದು ಗಂಟೆ ಬಿಡ್ತಾರೆ ಅಂದ್ರೆ ಲೆಕ್ಕ ಎಲ್ಲಿಗೆ ಬಂತು? "ನೀರು ಸರಿಯಾಗಿ ಬರ್ತಿಲ್ಲ" ಅನ್ನೋ ಅರ್ಜಿ ಫೈಲಿಗೆ ಹೋಗುತ್ತೆ. ಈ ಕೋಷ್ಟಕ ಮೇಜಿನ ಮೇಲೆ ಇಟ್ರೆ ಉತ್ತರ ಬರೀಲೇಬೇಕು.

ಐದುದೀಪ
ನಲ್ಲಿ ನಾಲ್ಕು ಮಾಡಿದ್ರೆ?

ಪಾಲಾರ್_ನೀರು
ಒಂದೇ ಪೈಪಿಗೆ ನಾಲ್ಕು ಹಾಕಿದ್ರೆ ನಾಲ್ಕರಷ್ಟು ಬರಲ್ಲ, ಇರೋದನ್ನೇ ಹಂಚ್ಕೊಳ್ತವೆ. ಕ್ಯೂ ಉದ್ದ ಕಮ್ಮಿ ಆಗುತ್ತೆ, ನೀರು ಜಾಸ್ತಿ ಆಗಲ್ಲ. ಬೇಕಾಗಿರೋದು ಲೈನಿಗೆ ಒಂದು 10,000 ಲೀಟರ್ ಟ್ಯಾಂಕು ಎತ್ತರದಲ್ಲಿ. ರಾತ್ರಿ ಪೇಟೆ ಮಲಗಿದಾಗ ತುಂಬಿಸ್ಕೋಬೋದು.

ಓವರ್ಸಿಯರ್
ಎಲ್ಲರೂ ಒಳಚರಂಡಿ ಬೇಕು ಅಂತಾರೆ. ನೀರಿಲ್ದೆ ಒಳಚರಂಡಿ ಹಾಕಿದ್ರೆ ಆರು ತಿಂಗಳಲ್ಲಿ ಕಟ್ಕೊಳ್ಳುತ್ತೆ. ಪೈಪಲ್ಲಿ ಹರಿವು ಸೆಕೆಂಡಿಗೆ 0.6 ಮೀಟರ್ ಆದ್ರೂ ಇದ್ರೆ ಗಟ್ಟಿ ಪದಾರ್ಥ ಕೊಚ್ಕೊಂಡು ಹೋಗುತ್ತೆ. ತಲೆಗೆ 40 ಲೀಟರ್ ಬಳಸೋ ಬೀದೀಲಿ ಅಷ್ಟು ಹರಿವು ಬರಲ್ಲ. 150 ಮಿ.ಮೀ. ಪೈಪಿಗೆ 100 ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟು, 30 ಮೀಟರಿಗೆ ಒಂದು ಮ್ಯಾನ್‌ಹೋಲ್ ಕಟ್ಟಿದ್ರೂ ನೀರೇ ಇಲ್ಲ ಅಂದ್ರೆ ಏನು ಮಾಡಕ್ಕಾಗುತ್ತೆ.

ಲೈನಿನಲ್ಲಿ ಮನೆ ಗೋಡೆಗೆ ಗೋಡೆ ಅಂಟಿಕೊಂಡಿದೆ. ಹಿಂದೆ ಮುಂದೆ ಓಣಿ ಅಷ್ಟೆ. ಪ್ರತಿ ಮನೆಗೆ ಜೋಡಿ ಗುಂಡಿ ಕಕ್ಕಸು ಅಂತ ಕೆಲವರು ಹೇಳ್ತಾರೆ. ಐದು ಜನಕ್ಕೆ ಸುಮಾರು 1 ಮೀ. ಅಗಲ, 1.2 ಮೀ. ಆಳದ ಎರಡು ಗುಂಡಿ, ಮಧ್ಯೆ ಒಂದು ಮೀಟರ್ ಅಂತರ, ಒಂದು ತುಂಬಿದ್ರೆ ಮುಚ್ಚಿ ಎರಡು ವರ್ಷ ಬಿಟ್ಟು ಗೊಬ್ಬರ ತೆಗೆಯೋದು. ಒಳ್ಳೇ ವ್ಯವಸ್ಥೆನೇ, ಆದ್ರೆ ಇಲ್ಲಿ ನಡೆಯಲ್ಲ. ಜಾಗ ಇಲ್ಲ, ಮೇಲಾಗಿ ಎಷ್ಟೋ ಕಡೆ ಸ್ವಲ್ಪ ಅಗೆದ್ರೆ ಬಂಡೆ. ನೀರು ಇಂಗಲ್ಲ, ಗುಂಡಿ ಮಳೆಗಾಲದಲ್ಲಿ ಉಕ್ಕುತ್ತೆ.

ನಾಲ್ಕು ಮನೆಗೆ ಒಂದು ಸೆಪ್ಟಿಕ್ ಟ್ಯಾಂಕು, ಅದರಿಂದ ಹೊರಬರೋ ನೀರಿಗೆ ಮಾತ್ರ 100 ಮಿ.ಮೀ. ಸಣ್ಣ ಪೈಪು, ಇದು ಹೊಂದುತ್ತೆ. 20 ಜನಕ್ಕೆ ಒಳ ಅಳತೆ 2.3 ಮೀ. ಉದ್ದ, 1.1 ಮೀ. ಅಗಲ, ನೀರಿನ ಆಳ 1.3 ಮೀ., ಮೇಲೆ 30 ಸೆಂ.ಮೀ. ಖಾಲಿ. ಸುಮಾರು 3,300 ಲೀಟರ್. ವರ್ಷಕ್ಕೊಮ್ಮೆ ಸಕ್ಕಿಂಗ್ ಮಷೀನ್ ಬರಬೇಕು, ಹಂಗಾಗಿ ಟ್ಯಾಂಕನ್ನ ಗಾಡಿ ನಿಲ್ಲೋ ಜಾಗದಿಂದ 30 ಮೀಟರ್ ಒಳಗೇ ಕಟ್ಟಿ. ಓಣಿ ಒಳಗೆ ಕಟ್ಟಿದ್ರೆ ಹೋಸ್ ಮುಟ್ಟಲ್ಲ, ಆಮೇಲೆ ಮನುಷ್ಯನ್ನ ಇಳಿಸ್ತಾರೆ. ಅದು ಕಾನೂನು ಪ್ರಕಾರ ಅಪರಾಧ. ಗಟ್ಟಿ ಪದಾರ್ಥ ಟ್ಯಾಂಕಲ್ಲೇ ಉಳಿಯೋದ್ರಿಂದ ಸಣ್ಣ ಪೈಪು ಕಡಿಮೆ ನೀರಲ್ಲೂ ಕಟ್ಟಲ್ಲ. ಸ್ನಾನದ ನೀರನ್ನ ಟ್ಯಾಂಕಿಗೆ ಬಿಡಬೇಡಿ, ಟ್ಯಾಂಕಿಂದ ಆಚೆ ಬರೋ ಪೈಪಿಗೆ ಜಾಲರಿ ಹಾಕಿ ಸೇರಿಸಿ.

ಬಂಡೆಸದ್ದು
ಅಗೆಯೋಕೆ ಮುಂಚೆ ಒಂದು ಎಚ್ಚರಿಕೆ. ಚಾಂಪಿಯನ್ ರೀಫ್ 3 ಕಿ.ಮೀ.ಗೂ ಆಳ ಹೋಗಿದೆ ಅಂತ ಎಲ್ಲರೂ ಹೆಮ್ಮೆ ಪಡ್ತಾರೆ. ಮೇಲಿನ ನೆಲಕ್ಕೆ ಆ ಆಳದಿಂದ ಅಷ್ಟು ಅಪಾಯ ಇಲ್ಲ. ತೊಂದರೆ ಇರೋದು ಬ್ರಿಟಿಷರ ಕಾಲದ ಮೊದಲ ಗಣಿಗಳಿಂದ, ಅವು ಮೇಲ್ಮೈಗೆ ಹತ್ತಿರ. ಹಳೇ ಶಾಫ್ಟುಗಳ (ಗಣಿಗೆ ಇಳಿಯೋ ಬಾವಿಗಳ) ಬಾಯಿ ಮುಚ್ಚಿದ್ರೂ ಸುತ್ತಲ ತುಂಬಿದ ಮಣ್ಣು ಕುಸೀಬೋದು.

ಮುಚ್ಚಿದ ಮೇಲೆ ಪಂಪ್ ನಿಲ್ಲಿಸಿದ್ರು, ಒಳಗೆ ನೀರು ತುಂಬ್ತು. ನೀರು ತುಂಬಿದಾಗ ಬಂಡೆ ಬಿರುಕುಗಳಲ್ಲಿ ಒತ್ತಡ ಏರಿ ಸಣ್ಣ ಸಣ್ಣ ಅದುರು ಬರುತ್ತೆ. ಗಣಿ ನಡೀವಾಗ ಬಂಡೆ ಸಿಡಿಯೋದನ್ನ ಜನ ಏರ್ ಬ್ಲಾಸ್ಟ್ ಅಂತಿದ್ರಲ್ಲ, ಅದೇ ಜಾತಿ, ಕಾರಣ ಬೇರೆ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಇಲ್ಲೇ ಶುರುವಾಗಿದ್ದು ಇಂಥ ಅಧ್ಯಯನಗಳ ಹಿನ್ನೆಲೆಯಲ್ಲೇ. ಮೋರಿ ಕೆಲಸಕ್ಕೆ ಅಂದಾಜು ಪಟ್ಟಿ ಮಾಡುವಾಗ ಗಣಿ ಮೇಲ್ಮೈ ನಕ್ಷೆ ಕೇಳಿ ಪಡೀರಿ. ಹಳೇ ಶಾಫ್ಟಿನ ಪಕ್ಕ ಸೆಪ್ಟಿಕ್ ಟ್ಯಾಂಕ್ ಬೇಡವೇ ಬೇಡ. ಸೋರಿದ ನೀರು ತುಂಬು ಮಣ್ಣನ್ನ ಕೊರೆಯುತ್ತೆ.

ಸ್ವರ್ಣ_ಪ್ಯಾಸೆಂಜರ್
ಇದೇ ಗಣಿ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಹಿಡಿದ್ರು, ಜಗತ್ತಲ್ಲೇ ಮೊದಲ ಸಲ.

ಅಡ್ಡಮಾತು
ನ್ಯೂಟ್ರಿನೋ ಹಿಡಿದ ಊರಲ್ಲಿ ನೀರು ಹಿಡಿಯೋಕೆ ಕ್ಯೂ.

ಬಂಡೆಸದ್ದು
@ಸ್ವರ್ಣ_ಪ್ಯಾಸೆಂಜರ್ ಒಂದು ಸಣ್ಣ ತಿದ್ದುಪಡಿ, ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣೀಲೂ ಹಿಡಿದ್ರು. ಎರಡೂ ತಂಡಕ್ಕೆ ಪಾಲು. ಸರಿ, ಮೋರಿಗೆ ವಾಪಸ್ ಬನ್ನಿ.

ಹುಣಸೇಮರ
ಮೋರಿ ಇರ್ಲಿ, ದಿಬ್ಬದ ಧೂಳಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಲ ಗಾಳಿ ಬೀಸಿದ್ರೆ ದಿಬ್ಬದ ಮೂಡಲ ಕಡೆ ಮನೆ ಒಳಗೆ ತಟ್ಟೆ ಮೇಲೆ ಬಿಳಿ ಪುಡಿ. 13 ದಿಬ್ಬ, ಸುಮಾರು 3.3 ಕೋಟಿ ಟನ್.

ಖಾತೆಪುಸ್ತಕ
2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ ದಿಬ್ಬಗಳ ಹರಾಜಿಗೆ ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿದೆ. ಸಾವಿರ ಎಕರೆ ಮೇಲಿನ ದಿಬ್ಬ ಅವು.

ಅಡ್ಡಮಾತು
ಅಂದ್ರೆ ದಿಬ್ಬ ಹೋಗುತ್ತೆ, ಧೂಳೂ ಹೋಗುತ್ತೆ, ಕತೆ ಮುಗೀತು.

ಓವರ್ಸಿಯರ್
ಹೋಗಲ್ಲ ಅಣ್ಣ. ಟನ್ನಿಗೆ ಸುಮಾರು 0.7 ಗ್ರಾಂ ಚಿನ್ನ. 3.3 ಕೋಟಿ ಟನ್ನಿಗೆ ಲೆಕ್ಕ ಹಾಕಿದ್ರೆ 23 ಟನ್ ಬರುತ್ತೆ. ಕೇಳೋಕೆ ಭಾರಿ. ಆದ್ರೆ ಒಂದು ಟನ್ ಮಣ್ಣಿಂದ ಮುಕ್ಕಾಲು ಗ್ರಾಂ ತೆಗೆದ್ರೆ ಉಳಿಯೋದು ಹೆಚ್ಚೂಕಡಿಮೆ ಒಂದು ಟನ್ನೇ. ದಿಬ್ಬ ಜಾಗ ಬದಲಾಯಿಸುತ್ತೆ ಅಷ್ಟೆ. ಎಲ್ಲಿಗೆ ಹಾಕ್ತೀರಿ, ಎಷ್ಟು ಎತ್ತರ, ಇಳಿಜಾರು ಎಷ್ಟು, ತಳಕ್ಕೆ ಏನು ಹಾಸ್ತೀರಿ, ತೇವ ಎಷ್ಟಿಟ್ಟು ಪೇರಿಸ್ತೀರಿ, ಪ್ರಶ್ನೆ ಇಲ್ಲಿರಬೇಕು. ಮತ್ತೆ ಕರಗಿಸಿ ಸೋಸೋಕೆ ನೀರು ಬೇಕು. ಆ ನೀರು ಬೇತಮಂಗಲದಿಂದ ಬಂದ್ರೆ ಲೈನಿನ ನಲ್ಲಿ ಇನ್ನೂ ಒಣಗುತ್ತೆ. ಶುದ್ಧೀಕರಿಸಿದ ಕೊಳಚೆ ನೀರನ್ನೇ ಬಳಸಬೇಕು ಅಂತ ಈಗಲೇ ಷರತ್ತು ಹಾಕಿಸ್ಬೇಕು. ಬೆಂಗಳೂರಿನ ಕೆ.ಸಿ. ವ್ಯಾಲೀಲಿ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ಇದೇ ಜಿಲ್ಲೆ ಕೆರೆಗಳಿಗೆ ಬರ್ತಾ ಇದೆಯಲ್ಲ.

ಧೂಳಿನ ಬಗ್ಗೆ ಒಂದು ತಪ್ಪು ತಿಳುವಳಿಕೆ. ಸೈನೈಡ್ ದಿಬ್ಬ ಅಂತ ಹೆಸರಿರೋದಕ್ಕೆ ಜನ ಸೈನೈಡಿಗೆ ಹೆದರ್ತಾರೆ. ಮೇಲ್ಪದರದ ಸೈನೈಡ್ ಬಿಸಿಲಿಗೆ ಒಡೆದು ಹೋಗಿ ದಶಕಗಳಾದವು. ಎದೆಗೆ ಹೋಗೋದು ಬಿಳಿ ಕಲ್ಲಿನ ನುಣ್ಣನೆ ಪುಡಿ. ಗಿರಣೀಲಿ ಅದನ್ನ 75 ಮೈಕ್ರಾನ್‌ಗಿಂತ ಸಣ್ಣಗೆ ಅರೆದಿರ್ತಾರೆ. ಗಣಿ ಒಳಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ತಂದಿದ್ದೂ ಈ ಜಾತಿ ಕಲ್ಲಿನ ಧೂಳೇ. ಮಳೆ ಬಿದ್ರೆ ದಿಬ್ಬದ ಮೇಲೆ ತೆಳ್ಳಗೆ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಒಡೆಯೋದು ಬೈಕು, ದನ, ಮಣ್ಣು ಕದಿಯೋರು. ಹಂಗಾಗಿ ಮೊದಲ ಕೆಲಸ ಬೇಲಿ.

ಟ್ಯಾಂಕರಲ್ಲಿ ನೀರು ಚಿಮುಕ್ಸೋದು ದಂಡ, ಬೇಸಿಗೇಲಿ ಎರಡು ಗಂಟೆ ನಿಲ್ಲಲ್ಲ. ಇಳಿಜಾರಿಗೆ ಅಡ್ಡ ಬದು, ಕೊರಕಲಿಗೆ ಕಲ್ಲಿನ ತಡೆ, ಮೇಲೆ ಒಂದು ಅಡಿ ಕೆಂಪು ಮಣ್ಣು, ತೆಂಗಿನ ನಾರಿನ ಬಲೆ, ಅದರಲ್ಲಿ ಮೊದಲು ಹುಲ್ಲು. ಗಿಡ ಆಮೇಲೆ. ನೇರ ನೀಲಗಿರಿ ನೆಟ್ಟರೆ ಮರ ನಿಲ್ಲುತ್ತೆ, ಕೆಳಗೆ ನೆಲ ಬೋಳು, ಧೂಳು ಹಂಗೇ ಏಳುತ್ತೆ.

ಐದುದೀಪ
ಹರಾಜಿನ ದುಡ್ಡಲ್ಲಿ ಲೈನಿಗೆ ಏನಾದ್ರೂ ಬರುತ್ತಾ?

ಖಾತೆಪುಸ್ತಕ
ಜಿಲ್ಲಾ ಖನಿಜ ಪ್ರತಿಷ್ಠಾನದ (ಗಣಿಯಿಂದ ಬಾಧಿತರಿಗೆ ಖರ್ಚು ಮಾಡೋ ನಿಧಿ) ಮೂಲಕ ಬರಬೋದು, ಲೆಕ್ಕ ಮಾತ್ರ ಸಣ್ಣದು. ಚಿನ್ನಕ್ಕೆ ರಾಯಧನ 4%. ಹರಾಜಲ್ಲಿ ಕೊಟ್ಟ ಗುತ್ತಿಗೆ ಆದ್ರೆ ಆ ರಾಯಧನದ 10% ಪ್ರತಿಷ್ಠಾನಕ್ಕೆ. ಇದೇ ದರ ದಿಬ್ಬಕ್ಕೂ ಹಾಕಿದ್ರೆ 100 ರೂಪಾಯಿ ಚಿನ್ನಕ್ಕೆ 4 ರೂಪಾಯಿ, ಅದರಲ್ಲಿ 40 ಪೈಸೆ.

ಆ 40 ಪೈಸೆ ಯಾರಿಗೆ ಅನ್ನೋದೇ ಮುಂದಿನ ಜಗಳ. 2024ರ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿರೋದೆಲ್ಲ ನೇರ ಬಾಧಿತ ಪ್ರದೇಶ, 70% ಹಣ ನೀರು, ನೈರ್ಮಲ್ಯ, ಆರೋಗ್ಯ ಇಂಥ ಆದ್ಯತೆಗಳಿಗೆ. ಕೇಳೋಕೆ ಚೆಂದ. ನಕ್ಷೆ ಮೇಲೆ 15 ಕಿ.ಮೀ. ವೃತ್ತ ಎಳೀರಿ: ರಾಬರ್ಟ್‌ಸನ್‌ಪೇಟೆ ಒಳಗೆ, ಬೇತಮಂಗಲ ಒಳಗೆ, ಬಂಗಾರಪೇಟೆನೂ ಒಳಗೆ. ದಿಬ್ಬದ ಬುಡದಲ್ಲಿ ಇರೋನೂ, 13 ಕಿ.ಮೀ. ದೂರದ ಸರ್ಕಲ್ಲೂ ಒಂದೇ. ಹಂಗಾಗಿ "ಬಾಧಿತರ ಪಟ್ಟಿ" ಮಾಡುವಾಗ ಲೈನಿನ ಹೆಸರು ಹೆಸರಾಗಿ ಬರೆಸ್ಬೇಕು, ಬರೀ ವಾರ್ಡ್ ನಂಬರ್ ಬರೆಸಿದ್ರೆ ಕೆಲಸ ವಾರ್ಡಿನ ಮುಖ್ಯ ರಸ್ತೆಗೆ ಹೋಗುತ್ತೆ.

ಅಡ್ಡಮಾತು
ಸರಿ ಒಪ್ಕೊಂಡೆ, ಬರೀ ದುಡ್ಡಲ್ಲ. ಹರಾಜು ಆಗೋ ತನಕ ಸುಮ್ಮನೆ ಕೂರೋದಾ? ಈಗ ಏನು ಮಾಡ್ಬೋದು ಹೇಳಿ.

ಖಾತೆಪುಸ್ತಕ
ಈ ಪ್ರಶ್ನೆಗೇ ಕಾಯ್ತಿದ್ದೆ. ಮೊದಲನೇದು, ಹಕ್ಕುಪತ್ರ ಮತ್ತು ಸೌಲಭ್ಯ ಇವೆರಡನ್ನ ಬೇರೆ ಬೇರೆ ಮಾಡಿ. ಎರಡನ್ನೂ ಒಂದೇ ಅರ್ಜೀಲಿ ಕೇಳಿದ್ರೆ ಎರಡೂ ಬರಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶ ಕಾಯ್ದೆ 3ನೇ ಕಲಂ ಅಡಿ ಘೋಷಣೆ ಆದ್ರೆ ಜಮೀನು ಯಾರ ಹೆಸರಲ್ಲೇ ಇರ್ಲಿ, ಮಾಲೀಕರ ಒಪ್ಪಿಗೆ ತಗೊಂಡು ರಸ್ತೆ, ಮೋರಿ, ನೀರು, ಕಕ್ಕಸು ಮಾಡೋ ದಾರಿ ತೆರೆಯುತ್ತೆ. ಕೇಂದ್ರದ ಜಮೀನನ್ನ ರಾಜ್ಯ ಸ್ವಾಧೀನ ಮಾಡ್ಕೊಳ್ಳೋಕೆ ಆಗಲ್ಲ, ಹಕ್ಕುಪತ್ರ ಅದರಿಂದ ಸಿಗಲ್ಲ, ಸಿಗುತ್ತೆ ಅಂತ ದುಡ್ಡು ಕೇಳೋರು ಬಂದ್ರೆ ಬಾಗಿಲು ಹಾಕಿ.

ಆಮೇಲೆ, ಕಂಪನಿಯಿಂದ ನಿರಾಕ್ಷೇಪಣಾ ಪತ್ರ ಕೇಳುವಾಗ "ಚಾಂಪಿಯನ್ ರೀಫ್ ಅಭಿವೃದ್ಧಿಗೆ" ಅಂತ ಕೇಳಬೇಡಿ. ಇಂಥ ಲೈನು, ಇಷ್ಟು ಮೀಟರ್ ಉದ್ದ, ಇಷ್ಟು ಅಗಲದ ಮೋರಿ, ಮಾಲೀಕತ್ವದ ಮೇಲೆ ಯಾವ ಹಕ್ಕನ್ನೂ ಕೋರುವುದಿಲ್ಲ ಅಂತ ಒಂದು ಸಾಲು, ಜೊತೆಗೆ ಕೈನಕ್ಷೆ. ಸಣ್ಣದಕ್ಕೆ ಸಹಿ ಬೀಳುತ್ತೆ, ದೊಡ್ಡದು ಮೇಲಿನವರ ಅಭಿಪ್ರಾಯಕ್ಕೆ ಅಂತ ದೆಹಲಿಗೆ ಹೋಗುತ್ತೆ.

ದುಡ್ಡಿನ ಮೂಲ ಬೇಕು ಅಂದ್ರೆ, ನಗರ ಸ್ಥಳೀಯ ಸಂಸ್ಥೆಗಳು 24.10% ಹಣ ಪರಿಶಿಷ್ಟ ಜಾತಿ, ಪಂಗಡಕ್ಕೆ, 7.25% ಇತರ ಬಡವರಿಗೆ, 5% ಅಂಗವಿಕಲರಿಗೆ ಮೀಸಲಿಡಬೇಕು. ಲೈನಿನಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯವರು. ಆ 24.10%ರ ಕ್ರಿಯಾ ಯೋಜನೆ ಕಳೆದ ಮೂರು ವರ್ಷದ್ದು ತರಿಸಿ, ಬೀದಿವಾರು ಗುರುತು ಹಾಕಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಉದ್ದ ಬರೆದು ತಿರಸ್ಕಾರ ಮಾಡಿಸ್ಕೋಬೇಡಿ.

ಹುಣಸೇಮರ
ಒಂದು ಸೇರಿಸ್ತೀನಿ. ಲೈನಿನಲ್ಲಿ ಹಿರಿಯರು ಓದೋದು ತಮಿಳು. ಅರ್ಜಿ, ನೋಟಿಸು, ಸರ್ವೆ ಫಾರಂ ಎಲ್ಲ ಕನ್ನಡದಲ್ಲಿ. ಇರಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ಆದ್ರೆ ಸರ್ವೆಗೆ ಬಂದೋರು ಓದಿ ಹೇಳದೇ ಸಹಿ ಹಾಕಿಸ್ಕೊಂಡ್ರೆ "ಸೌಲಭ್ಯ ಇದೆ" ಅನ್ನೋ ಕಡೆ ಟಿಕ್ ಬಿದ್ದಿರುತ್ತೆ. ಕನ್ನಡ ಬಲ್ಲ ಹುಡುಗ್ರು ಪಕ್ಕ ನಿಂತು ಓದಿ ಹೇಳಿ. ನಮ್ಮ ಭಾಷೆ ಮೇಲೆ ಪ್ರೀತಿ ತೋರ್ಸೋಕೆ ಇದಕ್ಕಿಂತ ಒಳ್ಳೇ ಕೆಲಸ ಇಲ್ಲ.

ತಗಡು_ಮೇಸ್ತ್ರಿ
ಮೋರಿ, ಖಾತೆ ಎಲ್ಲ ಆಗೋಕೆ ವರ್ಷ ಬೇಕು, ಮಾಡು ಈ ಮಳೆಗೇ ಸೋರುತ್ತೆ. ತಗಡಿಗೆ ಮೊಳೆ ತಗ್ಗಿನಲ್ಲಿ ಹೊಡೆಯೋದೇ ದೊಡ್ಡ ತಪ್ಪು. ನೀರು ಹರಿಯೋದು ತಗ್ಗಲ್ಲಿ. ಉಬ್ಬಿನ ಮೇಲೆ ಸ್ಕ್ರೂ, ಕೆಳಗೆ ರಬ್ಬರ್ ವಾಷರ್. ಮೇಲೂ ಕೆಳಗೂ ಆರು ಇಂಚು ಹಾಸು, ಪಕ್ಕಕ್ಕೆ ಒಂದೂವರೆ ಅಲೆ. 0.5 ಮಿ.ಮೀ. ತಗಡಿಗೆ ನಾಲ್ಕಡಿಗೊಂದು ಅಡ್ಡಪಟ್ಟಿ, ಇಲ್ದಿದ್ರೆ ಗಾಳಿಗೆ ಬಡ್ಕೊಂಡು ತೂತು ದೊಡ್ಡದಾಗುತ್ತೆ. ಮೇಲೆ ಬಿಳಿ ಬಣ್ಣ ಬಳಿದ್ರೆ ಬೇಸಿಗೇಲಿ ಒಳಗೆ ಕೂರಬೋದು.

ಹಳೇ ಕಲ್ನಾರು (ಆಸ್ಬೆಸ್ಟಾಸ್) ಶೀಟು ಇದ್ರೆ ಒಣಗಿದ್ದಾಗ ಕೊರೀಬೇಡಿ, ಮುರೀಬೇಡಿ. ನೀರು ಹಾಕಿ, ಮೂಗಿಗೆ ಒಳ್ಳೇ ಮಾಸ್ಕ್ ಕಟ್ಟಿ, ಇಡೀ ಶೀಟನ್ನೇ ಇಳಿಸಿ. ಅದರ ಚೂರನ್ನ ಅಂಗಳಕ್ಕೆ ಹಾಸೋದು ನಿಲ್ಲಿಸಿ.

ಕೋಲಾರದ_ಕಡೇರು
ಗಣಿ ಆಸ್ಪತ್ರೆ ವಿಷ್ಯ ಬಿಟ್ಟೇ ಹೋಯ್ತಲ್ಲ. 2021ರಲ್ಲಿ ಕೋವಿಡ್ ಬಂದಾಗ ಸ್ವಯಂಸೇವಕರು ಕಸ ಗುಡಿಸಿ ಮತ್ತೆ ತೆರೆದ್ರು. 20 ವರ್ಷ ಮುಚ್ಚಿದ್ದ ಕಟ್ಟಡ. ಜಮೀನು ಅವಾಗ್ಲೂ ಕಂಪನೀದೇ ಅಲ್ವ?

ಖಾತೆಪುಸ್ತಕ
ಹೌದು. ಅದನ್ನೇ ಅರ್ಜೀಲಿ ಉದಾಹರಣೆ ಕೊಡಿ. ತಾತ್ಕಾಲಿಕ ಬಳಕೆಗೆ ಒಪ್ಪಿಗೆ ಸಿಗುತ್ತೆ ಅನ್ನೋದಕ್ಕೆ ಅದೇ ಪೂರ್ವ ನಿದರ್ಶನ.

ಪೇಟೆ_ಪಾದಚಾರಿ
ಎಲ್ಲರಿಗೂ ನಮಸ್ಕಾರ. ಮೊದಲು ಒಂದೇ ಲೈನು ಹಿಡೀತೀವಿ: 15 ದಿನ ನೀರಿನ ಅಳತೆ, 24.10%ಕ್ಕೆ ಮಾಹಿತಿ ಹಕ್ಕಿನ ಅರ್ಜಿ, ಒಂದು ಮೋರಿಗೆ ಮೀಟರ್ ಲೆಕ್ಕದ ನಿರಾಕ್ಷೇಪಣಾ ಪತ್ರ. ನೀರಿನ ಕೋಷ್ಟಕ ಇಲ್ಲೇ ಹಾಕ್ತೀವಿ.

ಪಾಲಾರ್_ನೀರು
ಕ್ಯಾನ್ ಬಗ್ಗೆ ಒಂದು. 20 ಲೀಟರ್ ಅಂತ ಮಾರೋ ಕ್ಯಾನ್ ಕುತ್ತಿಗೆವರೆಗೆ ತುಂಬಿದ್ರೆ ಹೆಚ್ಚು ಹಿಡಿಯುತ್ತೆ. ಒಂದು ಲೀಟರ್ ಬಾಟಲಲ್ಲಿ 20 ಸಲ ಹುಯ್ದು ಎಲ್ಲಿಗೆ ಬರುತ್ತೋ ಅಲ್ಲಿ ಪೇಂಟಲ್ಲಿ ಗೆರೆ ಎಳೀರಿ. ಎಲ್ಲಾ ಲೈನಿಗೂ ಅದೇ ಕ್ಯಾನ್. ನೀರು ಬಂದ ಮೊದಲ ಐದು ನಿಮಿಷ ಅಳೀಬೇಡಿ, ಗಾಳಿ ಬರ್ತಿರುತ್ತೆ.

ಐದುದೀಪ
ಪೇಂಟ್ ನಂದು. ಕ್ಯಾನ್ ಯಾರು ತರ್ತೀರ?